ಪಿಎಚ್‌.ಡಿ. ಮುಗಿಯಿತು, ಅಕ್ಕನ ಬಗ್ಗೆ ಹೇಳಲೇಬೇಕು

ಹೋದ ವಾರ ವೈವಾ ಆಯಿತು. ಕಾಳಿನ ಗಿಡದ ಬೇರು ಮಣ್ಣಿನ ಅಷ್ಟೊಂದು ಬ್ಯಾಕ್ಟೀರಿಯಾಗಳ ನಡುವೆ ತನಗೆ ಬೇಕಾದವನ್ನು ಹೇಗೆ ಗುರುತು ಹಿಡಿಯುತ್ತದೆ ಅನ್ನುವ ನನ್ನ ಕೆಲಸಕ್ಕೆ ಕೊನೆಗೂ ಸಹಿ ಬಿತ್ತು. ಗೈಡ್ ಮೇಡಂ, ಲ್ಯಾಬಿನ ಗೆಳೆಯರು, ಹಾಸ್ಟೆಲ್ ರೂಮ್‌ಮೇಟ್, ಫೆಲೋಶಿಪ್ ತಡವಾದಾಗ ಕೈಸಾಲ ಕೊಟ್ಟ ಚಿಕ್ಕಪ್ಪ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಗ್ರೀನ್‌ಹೌಸಿನಲ್ಲಿ ಗಿಡ ನೋಡಿಕೊಳ್ಳುವ ಅಕ್ಕನಿಗೆ ಮಾತ್ರ ಒಂದು ಸಾಲು ಸಾಲದು.

ಅಪ್ಪ ಐಸಿಯುನಲ್ಲಿದ್ದ ರಾತ್ರಿಯ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ಅಮ್ಮ ಊರಿಂದ ಇನ್ನೂ ಬಂದಿರಲಿಲ್ಲ. ಅಕ್ಕ ನನ್ನ ಗಿಡಗಳಿಗೆ ನೀರು ಹಾಕಿ, ಬಸ್ ಹತ್ತಿ ಆಸ್ಪತ್ರೆಗೆ ಬಂದರು. ಕೈಯಲ್ಲಿ ಚಿತ್ರಾನ್ನದ ಡಬ್ಬಿ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಪಕ್ಕದಲ್ಲಿ ಕೂತು, "ದಿನಾ ಗಿಡ ಕಿತ್ತು ಬೇರು ನೋಡ್ತೀಯಲ್ಲ, ಏನದು? ಇವತ್ತು ಪೂರ್ತಿ ಹೇಳು" ಅಂದರು.

ಹೇಳಿದೆ. ಸಾರಜನಕ ಸಾಲದಾದಾಗ ಬೇರು ಫ್ಲೇವನಾಯ್ಡ್ ಅನ್ನುವ ರಾಸಾಯನಿಕಗಳನ್ನು ಮಣ್ಣಿಗೆ ಬಿಡುತ್ತದೆ. ಬೇರಿನ ಗಂಟಿನೊಳಗಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಬ್ಯಾಕ್ಟೀರಿಯಾ ರೈಜೋಬಿಯಂ. ಆ ರಾಸಾಯನಿಕ ಸಿಕ್ಕಿದಾಗ ಅದು ನಾಡ್ ಫ್ಯಾಕ್ಟರ್ ಅನ್ನುವ ಸಣ್ಣ ಅಣುವನ್ನು ಕಳಿಸುತ್ತದೆ. ಆ ಅಣುವನ್ನು ಹಿಡಿಯಲು ಬೇರಿನಲ್ಲಿ ಎರಡು ಪ್ರೋಟೀನ್‌ಗಳಿವೆ, ಎನ್‌ಎಫ್‌ಆರ್1 ಮತ್ತು ಎನ್‌ಎಫ್‌ಆರ್5. ಒಂದು ಕೆಟ್ಟರೂ ಗಂಟು ಕಟ್ಟುವುದಿಲ್ಲ. 2003ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನ ವಿಜ್ಞಾನಿಗಳು ಇವನ್ನು ಪತ್ತೆ ಮಾಡಿದ್ದು ನಾನು ಬೆಳೆಸುವ ಲೋಟಸ್ ಜಪೋನಿಕಸ್ ಗಿಡದಲ್ಲೇ. ಹೆಸರು ಲೋಟಸ್ ಆದರೂ ಅದು ತಾವರೆಯಲ್ಲ, ಕಾಳಿನ ಜಾತಿಯ ಗಿಡ. ತೊಡಕು ಏನೆಂದರೆ, ನಾಡ್ ಫ್ಯಾಕ್ಟರ್‌ನ ಮೂಲರಚನೆ ಕೈಟಿನ್ ಅನ್ನುವ ಪದಾರ್ಥದ ಥರದ್ದು. ರೋಗ ತರುವ ಶಿಲೀಂಧ್ರದ ಮೈಯಲ್ಲೂ ಕೈಟಿನ್ ಇರುತ್ತದೆ. ಅದನ್ನು ಹಿಡಿಯುವ ಪ್ರೋಟೀನ್ ಕೂಡ ಎನ್‌ಎಫ್‌ಆರ್1ರ ಹತ್ತಿರದ ಸಂಬಂಧಿ. ಒಂದನ್ನು ಒಳಗೆ ಬಿಟ್ಟುಕೊಳ್ಳಬೇಕು, ಇನ್ನೊಂದರ ಜೊತೆ ಹೋರಾಡಬೇಕು. ಈ ವ್ಯತ್ಯಾಸ ಪ್ರೋಟೀನಿನ ಹೊರಭಾಗದ ಕೆಲವೇ ಸಣ್ಣ ತುಣುಕುಗಳಲ್ಲಿದೆ ಅಂತ 2020ರಲ್ಲಿ ಗೊತ್ತಾಯಿತು. ನನ್ನ ಕೆಲಸ ಶುರುವಾದದ್ದು ಅಲ್ಲಿಂದ.

"ಕಳ್ಳನೂ ನೆಂಟನೂ ಒಂದೇ ಥರ ಅಂಗಿ ಹಾಕ್ಕೊಂಡು ಬಂದ ಹಾಗಾಯ್ತು" ಅಂದರು ಅಕ್ಕ. ನನ್ನ ಥೀಸಿಸ್ಸನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ.

ಅಕ್ಕ ಚಳ್ಳಕೆರೆ ಕಡೆಯವರು. ಶೇಂಗಾ ಬೇರಿನ ಗಂಟು ಸೀಳಿ, ಒಳಗೆ ಕೆಂಪಗಿದ್ದರೆ ಗಿಡ ಚೆನ್ನಾಗಿದೆ ಅಂತ ಅವರಪ್ಪ ತೋರಿಸುತ್ತಿದ್ದರಂತೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್ ಅಂದೆ. ಗಂಟಿನೊಳಗೆ ಆಮ್ಲಜನಕ ಜಾಸ್ತಿಯಾಗದ ಹಾಗೆ ಅದು ನೋಡಿಕೊಳ್ಳುತ್ತದೆ, ಇಲ್ಲದಿದ್ದರೆ ಸಾರಜನಕ ಹಿಡಿಯುವ ಕಿಣ್ವ ಕೆಟ್ಟುಹೋಗುತ್ತದೆ, ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ಗೂ ಅದಕ್ಕೂ ನಂಟಿದೆ ಅಂತ ಹೇಳುತ್ತಿದ್ದೆ. ಒಳಗೆ ಅಪ್ಪನಿಗೆ ರಕ್ತ ಕೊಡುತ್ತಿದ್ದರು. ಮಾತು ಅಲ್ಲಿಗೇ ನಿಂತಿತು. ಜೋರಾಗಿ ಅತ್ತುಬಿಟ್ಟೆ. ಅಷ್ಟು ಜನರ ಮುಂದೆ, ತಡೆಯೋಕೇ ಆಗಲಿಲ್ಲ. ಅಪ್ಪ ಇಲ್ಲದ ಮನೆ ಕಣ್ಣಿಗೆ ಕಟ್ಟಿತ್ತು. ಅಕ್ಕ ಬೆನ್ನ ಮೇಲೆ ಕೈಯಿಟ್ಟು, "ಅತ್ತುಬಿಡು. ಆಮೇಲೆ ಮಿಕ್ಕಿದ್ದು ಹೇಳುವಂತೆ" ಅಂದರು. ಬೆಳಗಿನವರೆಗೂ ಕೂತಿದ್ದು, ಅಲ್ಲಿಂದ ನೇರ ಡ್ಯೂಟಿಗೆ ಹೋದರು.

ನಾನು ಲ್ಯಾಬಿಗೆ ವಾಪಸಾಗುವವರೆಗೆ ಒಂದು ಗಿಡವೂ ಬಾಡಲಿಲ್ಲ. ಥೀಸಿಸ್ಸಿನಲ್ಲಿರುವ ಗುಲಾಬಿ ಗಂಟುಗಳ ಫೋಟೋ ಆ ಟ್ರೇಗಳದ್ದೇ. ವೈವಾದಲ್ಲಿ ಕೆಲಸವನ್ನು ಸರಳವಾಗಿ ವಿವರಿಸಿ ಅಂದಾಗ, ಅಕ್ಕನಿಗೆ ಹೇಳಿದ ಹಾಗೇ ಹೇಳಿದೆ.

ಥೀಸಿಸ್ಸಿನ ಕೃತಜ್ಞತೆಯ ಪುಟ ಇಂಗ್ಲಿಷಿನಲ್ಲಿದೆ. ಅಕ್ಕ ತಾವೇ ಓದಲಿ ಅಂತ ಇಲ್ಲಿ ಬರೆದೆ. ಅಕ್ಕ, ಭಾನುವಾರ ಅಪ್ಪನನ್ನೂ ಕರೆದುಕೊಂಡು ನಿಮ್ಮ ಮನೆಗೆ ಬರುತ್ತಿದ್ದೇವೆ. ಅಡುಗೆ ಮಾಡಬೇಡಿ, ಊಟ ಅಮ್ಮ ತರುತ್ತಾರೆ.