ಪ್ರಿಂಟಿಗೆ ಕೊಡುವ ಮೊದಲು ಚಕ್ಕುಬಂದಿ ನೋಡು

ಪ್ರೀತಿಯ ಪುಟ್ಟಿಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ನಾವಿಲ್ಲಿ ಚೆನ್ನಾಗಿದ್ದೇವೆ. ಮಳೆ ಹಿಡಿದ ಮೇಲೆ ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಜಾಸ್ತಿ, ಅಷ್ಟೇ.

ನೀನು ಕಳಿಸಿದ ನಿಮ್ಮ ಅಮೆರಿಕದ ಅತ್ತೆಯವರ ವಂಶವೃಕ್ಷ ನೋಡಿದೆ. ಪಕ್ಕದ ಮನೆ ಹುಡುಗ ಅದನ್ನು ನಾಲ್ಕು ಹಾಳೆಯಲ್ಲಿ ಪ್ರಿಂಟ್ ತೆಗೆದು ಅಂಟಿಸಿಕೊಟ್ಟ. ಊಟದ ಟೇಬಲ್ ಸಾಲಲಿಲ್ಲ, ನೆಲದ ಮೇಲೆ ಹರಡಿಕೊಂಡು ಕೂತೆ. ಹದಿನಾಲ್ಕು ತಲೆಮಾರು! ಇಲಿನಾಯ್, ಇಂಡಿಯಾನಾ, ಕೆಂಟಕಿ, ವರ್ಜೀನಿಯಾ, ಆಮೇಲೆ ಸಮುದ್ರ ದಾಟಿ ಇಂಗ್ಲೆಂಡಿನ ಒಬ್ಬ ಸರದಾರ. ಪಕ್ಕದ ಒಂದು ಕೊಂಬೆಯಲ್ಲಿ ಅಬ್ರಹಾಂ ಲಿಂಕನ್. ಇದನ್ನು ಪುಸ್ತಕ ಮಾಡಿಸಿ ನಿಮ್ಮ ಅತ್ತೆಯವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಕೊಡಬೇಕು ಅಂತ ಬರೆದಿದ್ದೀಯ. ಆಸೆ ಒಳ್ಳೆಯದೇ. ಆದರೆ ಈಗಲೇ ಪ್ರಿಂಟಿಗೆ ಕೊಡಬೇಡ ಕಣೇ.

ಮೂವತ್ತೈದು ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಪತ್ರ ಬರೆದವನು ನಾನು. ಯಾರು ಬಂದು ಯಾವ ಹೆಸರು ಹೇಳಿದರೂ ನನ್ನ ಬಾಯಿಗೆ ಮೊದಲು ಬರುವುದು ಒಂದೇ ಮಾತು: ಕಾಗದ ಎಲ್ಲಿದೆ? ನಿನ್ನ ಮರದಲ್ಲಿ ಹೆಸರು ಸಿಕ್ಕಾಪಟ್ಟೆ ಇವೆ. ಕಾಗದ ಎಲ್ಲಿ?

ಲಿಂಕನ್ ವಿಷಯವನ್ನೇ ಮೊದಲು ತೆಗೆದುಕೋ. ನಿಮ್ಮ ಅತ್ತೆಯವರ ತಾಯಿ ಆತನ ಮೊಮ್ಮಗನ ಮೊಮ್ಮಗಳು ಅಂತ ಬರೆದಿದ್ದೀಯ. ಅದು ಆಗದ ಮಾತು. ಲಿಂಕನ್ನನ ನೇರ ಸಂತತಿಯಲ್ಲಿ ಕೊನೆಯವರು 1985ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಲ್ಲಿಗೆ ಆ ಕವಲು ಮುಗಿಯಿತು. ಲಿಂಕನ್ನನ ದೊಡ್ಡಪ್ಪ ಮೊರ್ಡೆಕೈ, ಚಿಕ್ಕಜ್ಜ ಐಸಾಕ್ ಅಂತ ಬೇರೆ ಕವಲುಗಳಿವೆ. ನಿಮ್ಮ ಅತ್ತೆಯವರ ಮನೆ ಮಾತು ಸುಳ್ಳು ಅನ್ನುತ್ತಿಲ್ಲ, ಅಂಥ ಯಾವುದೋ ಕವಲಿಗೆ ಸೇರಿದ್ದಿರಬಹುದು. ಬಾಯಿಂದ ಬಾಯಿಗೆ ಬರುವಾಗ ದಾಯಾದಿಯೇ ಅಜ್ಜನಾಗಿಬಿಡುತ್ತಾನೆ.

ಹೋದ ಸಲ ನಾವು ಬಂದಾಗ ನೀನು ಇಂಡಿಯಾನಾದ ಲಿಂಕನ್ ಸಿಟಿಗೆ ಕರೆದುಕೊಂಡು ಹೋಗಿದ್ದೆಯಲ್ಲ? ಅವರ ಗುಡಿಸಲಿದ್ದ ಜಾಗದಲ್ಲಿ ಕೆಳಗಿನ ದಿಮ್ಮಿಗಳನ್ನೂ ಒಲೆಯನ್ನೂ ಕಂಚಿನಲ್ಲಿ ಎರಕ ಹೊಯ್ದು ಇಟ್ಟಿದ್ದರು. ಇಷ್ಟು ಪುಟ್ಟ ಜಾಗದಲ್ಲಿ ಅಷ್ಟು ಜನ ಹೇಗಿದ್ದರೋ ಅಂತ ನಿನ್ನ ದೊಡ್ಡಮ್ಮ ಹೆಜ್ಜೆ ಹಾಕಿ ಅಳೆದಿದ್ದಳು. ಅವತ್ತಿನಿಂದ ನನಗೂ ಈ ಮನೆತನದ ಹುಚ್ಚು. ಅವರ ಕಾಗದಗಳನ್ನು ಒಂದೊಂದಾಗಿ ಓದುತ್ತಾ ಬಂದಿದ್ದೇನೆ. ನಿನ್ನ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ನೋಡು, ಲಿಂಕನ್ನನಿಗೇ ತನ್ನ ಮೂಲ ಪೂರ್ತಿ ಗೊತ್ತಿರಲಿಲ್ಲ. 1848ರಲ್ಲಿ ಕಾಂಗ್ರೆಸ್ ಸದಸ್ಯನಾಗಿದ್ದಾಗ, ಮ್ಯಾಸಚೂಸೆಟ್ಸಿನ ಹಿಂಗಮ್ ಊರಿನ ಸಾಲಮನ್ ಲಿಂಕನ್ ಅನ್ನುವವರಿಗೆ ಕಾಗದ ಬರೆದು ತನಗೆ ತಿಳಿದಷ್ಟು ಹೇಳಿದ. ವರ್ಜೀನಿಯಾದಲ್ಲಿದ್ದ ಇನ್ನೊಬ್ಬ ಲಿಂಕನ್ನನಿಗೂ ಬರೆದು ವಿಚಾರಿಸಿದ. 1859ರಲ್ಲಿ ತನ್ನ ಬಗ್ಗೆ ಒಂದು ಸಣ್ಣ ಟಿಪ್ಪಣಿ ಬರೆದುಕೊಡುವಾಗ ಏನು ಹೇಳಿದ ಗೊತ್ತಾ? ಅಜ್ಜ ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಕೆಂಟಕಿಗೆ ಬಂದವನು, ಅವನ ಹಿರಿಯರು ಪೆನ್ಸಿಲ್ವೇನಿಯಾದ ಬರ್ಕ್ಸ್ ಕೌಂಟಿಯವರು. ಅದಕ್ಕೂ ಹಿಂದೆ ನ್ಯೂ ಇಂಗ್ಲೆಂಡಿನ ಲಿಂಕನ್ನರಿಗೆ ಸೇರಿಸಲು ನೋಡಿದರೆ ಎರಡೂ ಕಡೆ ಮೊರ್ಡೆಕೈ, ಸಾಲಮನ್, ಅಬ್ರಹಾಂ ಅನ್ನುವ ಒಂದೇ ಥರದ ಹೆಸರು ಸಿಕ್ಕವೇ ಹೊರತು ಬೇರೇನೂ ಸಿಗಲಿಲ್ಲ ಅಂತ. ಅಲ್ಲಿಗೇ ನಿಲ್ಲಿಸಿದ. ವಕೀಲ ನೋಡು!

ತಮಾಷೆ ಅಂದರೆ ಅವನಿಗೆ ಬಂದಿದ್ದ ಅನುಮಾನ ಸರಿಯೇ ಇತ್ತು. ಆಮೇಲಿನವರು ದಾಖಲೆ ಹಿಡಿದು ಕೊಂಡಿ ಜೋಡಿಸಿದರು. 1637ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ಕಡೆಯಿಂದ ಬಂದ ನೇಕಾರರ ಹುಡುಗ ಸ್ಯಾಮ್ಯುಯೆಲ್ ಮೂಲಪುರುಷ. ಅವನ ಮಗ ಮೊರ್ಡೆಕೈ, ಕಬ್ಬಿಣದ ಕೆಲಸದವನು. ಅವನ ಮಗನೂ ಮೊರ್ಡೆಕೈ, ನ್ಯೂಜರ್ಸಿಗೆ ಹೋಗಿ ಅಲ್ಲಿಂದ ಪೆನ್ಸಿಲ್ವೇನಿಯಾಕ್ಕೆ. ಅವನ ಮಗ ಜಾನ್ 1768ರ ಹೊತ್ತಿಗೆ ವರ್ಜೀನಿಯಾದ ಲಿನ್‌ವಿಲ್ ಕ್ರೀಕಿಗೆ. ಜಾನನ ಮಗ ಅಬ್ರಹಾಂ ಕೆಂಟಕಿಗೆ. ಅವನ ಮಗ ಥಾಮಸ್. ಥಾಮಸನ ಮಗ ನಮ್ಮ ಲಿಂಕನ್. ಸರಿ ಇರಬಹುದು ಅನ್ನಿಸಿದ್ದನ್ನೂ ಆತ ನಿಜ ಅಂತ ಬರೆಯಲಿಲ್ಲ. ನಿನ್ನ ಸರದಾರನನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೋ, ಸಾಕು.

ಈಗ ಜಮೀನಿನ ವಿಷಯ. ನನಗೆ ಇದೇ ರುಚಿ, ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡ.

1780ರಲ್ಲಿ ಲಿಂಕನ್ನನ ಅಜ್ಜ ಅಬ್ರಹಾಂ 160 ಪೌಂಡ್ ಕಟ್ಟಿ 400 ಎಕರೆಗೆ ವಾರಂಟು, ಅಂದರೆ ಜಮೀನು ಅಳೆಸಿಕೊಳ್ಳುವ ಹಕ್ಕಿನ ಕಾಗದ, ತೆಗೆದುಕೊಂಡ. ಆ ಕಾಗದದಲ್ಲಿ ಅವನ ಹೆಸರು ಲಿಂಕನ್ ಅಲ್ಲ, ‘ಲಿಂಕ್‌ಹಾರ್ನ್’! ಗುಮಾಸ್ತನ ಕಿವಿಗೆ ಬಿದ್ದದ್ದು ಹಾಗೆ. ಸರಿಯಾದ ಸ್ಪೆಲಿಂಗ್ ಹಾಕಿ ಹುಡುಕುವವರಿಗೆ ಈ ಕಾಗದ ಸಿಗುವುದೇ ಇಲ್ಲ. ಕಿವಿಯಿಂದ ಹುಡುಕಬೇಕು.

ಆಗ ಕೆಂಟಕಿ ವರ್ಜೀನಿಯಾಕ್ಕೆ ಸೇರಿತ್ತು. ವಾರಂಟು ಹಿಡಿದವನು ಕಾಡಿಗೆ ಹೋಗಿ ತನಗೆ ಬೇಕಾದ ಕಡೆ ಅಳೆಸಿಕೊಳ್ಳಬಹುದಿತ್ತು. ಚಕ್ಕುಬಂದಿ ಅಂದರೆ ಈ ಓಕ್ ಮರದಿಂದ ಆ ಹಳ್ಳದವರೆಗೆ, ಅಲ್ಲಿಂದ ಆ ಬಂಡೆಗೆ. ಮರ ಬಿದ್ದರೆ? ಹಳ್ಳ ದಿಕ್ಕು ಬದಲಿಸಿದರೆ? ಒಂದೇ ಜಮೀನನ್ನು ನಾಲ್ಕು ಜನ ಅಳೆಸಿಕೊಂಡು, ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಹಕ್ಕು ಬಿದ್ದಿತ್ತು. ಥಾಮಸ್ ಲಿಂಕನ್ 1803ರಲ್ಲಿ 238 ಎಕರೆ ಕೊಂಡ. ಮಾರುವಾಗ ಅಳತೆ ತಪ್ಪಾಗಿದೆ ಅಂತ ಗೊತ್ತಾಗಿ 200 ಎಕರೆ ಅಂತಷ್ಟೇ ಬರೆಯಬೇಕಾಯಿತು. ಮಗ ಹುಟ್ಟಿದ ಸಿಂಕಿಂಗ್ ಸ್ಪ್ರಿಂಗ್ ಜಮೀನಿನ ಮೇಲೆ ಕೇಸು, ಅದೂ ಕೈಬಿಟ್ಟಿತು. ನಾಬ್ ಕ್ರೀಕಿಗೆ ಹೋದರೆ 1815ರಲ್ಲಿ ಅಲ್ಲಿಂದಲೂ ಎಬ್ಬಿಸಲು ದಾವೆ. 1816ರ ಕೊನೆಗೆ ಓಹಾಯೊ ನದಿ ದಾಟಿ ಇಂಡಿಯಾನಾಕ್ಕೆ ನಡೆದುಬಿಟ್ಟರು. ಗುಲಾಮಗಿರಿಯ ಕಾರಣವೂ ಸ್ವಲ್ಪ ಇತ್ತು, ಆದರೆ ಮುಖ್ಯವಾಗಿ ಜಮೀನಿನ ಹಕ್ಕಿನ ತೊಂದರೆ ಅಂತ ಮಗನೇ ಮುಂದೆ ಬರೆದ.

ಇಂಡಿಯಾನಾದಲ್ಲಿ ಸರ್ಕಾರವೇ ಮೊದಲು ಅಳೆದು, ಚದುರಂಗದ ಮಣೆಯಂತೆ ಚೌಕ ಹಾಕಿ, ಆಮೇಲೆ ಮಾರುತ್ತಿತ್ತು. ಆರು ಮೈಲಿ ಚೌಕದ ಟೌನ್‌ಶಿಪ್, ಅದರಲ್ಲಿ 36 ಸೆಕ್ಷನ್, ಒಂದೊಂದು 640 ಎಕರೆ. ಥಾಮಸ್ 160 ಎಕರೆಗೆ ಎಕರೆಗೆ ಎರಡು ಡಾಲರಿನಂತೆ ಕಂತು ಶುರು ಮಾಡಿದ. ಹತ್ತು ವರ್ಷ ಆದರೂ ತೀರಿಸಲಾಗಲಿಲ್ಲ. 1827ರಲ್ಲಿ ಅರ್ಧ ಸರ್ಕಾರಕ್ಕೇ ಬಿಟ್ಟುಕೊಟ್ಟು 80 ಎಕರೆಗೆ ಪಕ್ಕಾ ಪತ್ರ ಮಾಡಿಸಿಕೊಂಡ. ಇದನ್ನು ಓದಿದಾಗ ನನ್ನ ಮುಂದೆ ಕೂರುತ್ತಿದ್ದ ಎಷ್ಟೋ ರೈತರ ಮುಖ ನೆನಪಾಯಿತು. ಸೋಮಾರಿ, ಅಲೆಮಾರಿ ಅಂತ ಥಾಮಸನನ್ನು ಬೈದು ಬರೆದವರಿದ್ದಾರೆ. ಪತ್ರ ಓದಿದವರು ಹಾಗೆ ಬೈಯಲಾರರು.

ಅವನ ಬಡತನಕ್ಕೆ ಇನ್ನೊಂದು ಕಾರಣವೂ ಇದೆ. 1786ರ ಮೇ ತಿಂಗಳಲ್ಲಿ ಅವನಪ್ಪ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಮೂಲನಿವಾಸಿಗಳ ಗುಂಡೇಟಿಗೆ ಸತ್ತ. ಎಂಟು ವರ್ಷದ ಥಾಮಸ್ ಅಲ್ಲೇ ಇದ್ದ. ಅಣ್ಣ ಮೊರ್ಡೆಕೈ ಗುಡಿಸಲಿನಿಂದ ಗುಂಡು ಹಾರಿಸಿ ಅವರಲ್ಲಿ ಒಬ್ಬನನ್ನು ಕೊಂದ. ವರ್ಜೀನಿಯಾದ ಹಳೆ ಕಾನೂನಿನಲ್ಲಿ ವಿಲ್ ಇಲ್ಲದಿದ್ದರೆ ಆಸ್ತಿಯೆಲ್ಲ ಹಿರಿಮಗನಿಗೆ. ಎಲ್ಲರಿಗೂ ಸಮಪಾಲು ಅನ್ನುವ ಹೊಸ ಕಾನೂನು ಜಾರಿಗೆ ಬಂದದ್ದು 1787ರ ಜನವರಿ 1ಕ್ಕೆ. ಬರೀ ಏಳು ತಿಂಗಳು! ಕೊನೆಮಗ ಥಾಮಸನ ಕೈಗೆ ಏನೂ ಬರಲಿಲ್ಲ. ನಿನ್ನ ಮರದಲ್ಲಿ ತಾರೀಖು ಬಿಟ್ಟು ಬರೀ ವರ್ಷ ಹಾಕಿದ್ದೀಯ, ಅದಕ್ಕೇ ಇಷ್ಟು ಹೇಳಿದೆ. ಇನ್ನೊಂದು, ಲಿಂಕನ್ ತನ್ನ ಕಾಗದದಲ್ಲಿ ಅಜ್ಜ ಸತ್ತದ್ದು 1784 ಅಂತ ಬರೆದಿದ್ದ. ಮೊಮ್ಮಗನ ಮಾತೇ ಎರಡು ವರ್ಷ ತಪ್ಪಿದೆ.

ಊರಿನ ಹೆಸರಲ್ಲೂ ಹುಷಾರಾಗಿರು. ಥಾಮಸ್ ಮತ್ತು ಲಿಂಕನ್ನನ ತಾಯಿ ನ್ಯಾನ್ಸಿ ಹ್ಯಾಂಕ್ಸ್ ಮದುವೆ ಕಾಗದವನ್ನು ಜನ ಹಾರ್ಡಿನ್ ಕೌಂಟಿಯಲ್ಲಿ ಹುಡುಕಿ, ಸಿಗದೆ, ಮದುವೆಯೇ ಆಗಿರಲಿಲ್ಲ ಅಂತ ಕೊಂಕು ಮಾತಾಡಿದರು. ಕಾಗದ ಇದ್ದದ್ದು ಪಕ್ಕದ ವಾಷಿಂಗ್ಟನ್ ಕೌಂಟಿಯ ಕೋರ್ಟಿನಲ್ಲಿ. 1806ರ ಜೂನ್ 12ರ ಮದುವೆ. ಲಿಂಕನ್ ಹುಟ್ಟಿದ ಜಾಗ ಆಗ ಹಾರ್ಡಿನ್, ಈಗ ಲರೂ ಕೌಂಟಿ. ಇಂಡಿಯಾನಾದ ಮನೆ ಮೊದಲು ಪೆರಿ ಕೌಂಟಿ, 1818ರಿಂದ ಸ್ಪೆನ್ಸರ್. ಮನೆ ಅಲ್ಲಾಡಲಿಲ್ಲ, ಗಡಿ ಅಲ್ಲಾಡಿತು. ನೀನು ಮೂರು ಕೌಂಟಿ ಹೆಸರು ನೋಡಿ ಮೂರು ಸಲ ವಲಸೆ ಹೋದರು ಅಂತ ಬಾಣದ ಗುರುತು ಹಾಕಿದ್ದೀಯಲ್ಲ, ಅದನ್ನೊಮ್ಮೆ ನೋಡು.

ಹೆಣ್ಣುಮಕ್ಕಳ ವಿಷಯ ಹೇಳುವ ಮೊದಲು ನನ್ನ ತಪ್ಪೊಂದನ್ನು ಹೇಳುತ್ತೇನೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಮೂವರು ಅಣ್ಣತಮ್ಮಂದಿರು ಬಂದು ಪೌತಿ ಖಾತೆಗೆ ವಂಶವೃಕ್ಷ ಬರೆಸಿದರು. ಅಕ್ಕತಂಗಿಯರು ಇಲ್ಲ ಅಂದರು. ನಾನು ಕೇಳದೆ ಬರೆದುಕೊಟ್ಟೆ. ಎರಡು ತಿಂಗಳಿಗೆ ಒಬ್ಬ ಹೆಂಗಸು ನನ್ನ ಟೇಬಲಿನ ಮುಂದೆ ಬಂದು ನಿಂತಳು. ಬಿಸಿಲಿಗೆ ಸೆರಗು ತಲೆ ಮೇಲೆ ಎಳೆದುಕೊಂಡಿದ್ದಳು. “ನಾನು ಹುಟ್ಟೇ ಇಲ್ಲ ಅಂತ ಬರೆದಿದ್ದೀರಂತಲ್ಲ ಸ್ವಾಮಿ” ಅಂದಳು. ಇವತ್ತಿಗೂ ಅದು ಕಿವಿಯಲ್ಲಿದೆ.

ನಿನ್ನ ಮರದಲ್ಲಿ ಹನ್ನೊಂದು ಕಡೆ ಬರೀ ‘ಹೆಂಡತಿ’ ಅಂತಿದೆ. 1840ರವರೆಗೆ ಅಲ್ಲಿನ ಜನಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ, ಉಳಿದವರು ಬರೀ ಅಂಕಿ. 1850ರಿಂದ ಮನೆಯವರ ಹೆಸರೆಲ್ಲ ಬರುತ್ತದೆ. ಅದಕ್ಕೂ ಹಿಂದಿನ ಹೆಂಗಸರು ಬೇಕಾದರೆ ಕ್ರಯಪತ್ರ ನೋಡು. ಗಂಡ ಜಮೀನು ಮಾರಿದರೆ ಹೆಂಡತಿಯ ಹಕ್ಕು ಬಿಡಿಸಲು ಅವಳ ಒಪ್ಪಿಗೆಯನ್ನು ಬೇರೆಯಾಗಿ ಬರೆಸಿಕೊಳ್ಳುತ್ತಿದ್ದರು. ಲಿಂಕನ್ನನ ಅಜ್ಜಿ ಬತ್‌ಷೀಬಾಳ ಹೆಸರು ಉಳಿದಿರುವುದು ಲಿನ್‌ವಿಲ್ ಕ್ರೀಕಿನ ಜಮೀನು ಮಾರಿದ ಅಂಥದೇ ಕಾಗದದಲ್ಲಿ. ನ್ಯಾನ್ಸಿಯ ತಾಯಿ ಯಾರು ಅಂತ ನೂರಕ್ಕೂ ಹೆಚ್ಚು ವರ್ಷ ಜಗಳ ಆಡಿ, 2015ರಲ್ಲಿ ತಾಯಿಕಡೆಯಿಂದ ಬರುವ ಡಿಎನ್‌ಎ ನೋಡಿ ಲೂಸಿ ಹ್ಯಾಂಕ್ಸ್ ಅಂತ ಹೇಳಿದರು. ಸುಮ್ನೆ ಹೆಸರು ಊಹಿಸಿ ತುಂಬಬೇಡ. ಖಾಲಿ ಬಿಡು, ಆದರೆ ಜಾಗ ಬಿಡು.

ಇನ್ನೊಂದು ಕಷ್ಟದ ಮಾತು. ‘ಯಾರೂ ಇಲ್ಲದ ಕಾಡಿಗೆ ಬಂದು ನೆಲೆಸಿದರು’ ಅಂತ ಮುನ್ನುಡಿಯಲ್ಲಿ ಬರೆದಿದ್ದೀಯ. ಯಾವ ಜಮೀನಿಗೂ ಮೂಲಪತ್ರ ಅಂತ ಒಂದಿರುತ್ತದೆ. ಲಿಂಕನ್ನರ ಇಂಡಿಯಾನಾ ಜಮೀನಿನ ಮೂಲಪತ್ರ 1804ರ ಒಪ್ಪಂದ, ಡೆಲವೇರ್ ಮತ್ತು ಪಿಯಾಂಕೆಶಾ ಅನ್ನುವ ಮೂಲನಿವಾಸಿ ಜನರಿಂದ ಬರೆಸಿಕೊಂಡದ್ದು. ಕೆಂಟಕಿ ಶಾನಿ ಅನ್ನುವ ಮೂಲನಿವಾಸಿಗಳು ಬೇಟೆಯಾಡುತ್ತಿದ್ದ ನೆಲ. ಅವರೂ ತಮ್ಮ ಜಮೀನಿಗಾಗಿ ಬಡಿದಾಡಿದವರೇ. ನಿನ್ನ ಮಗ ಆ ಪುಸ್ತಕ ಓದುತ್ತಾನೆ ಅನ್ನುವುದನ್ನು ನೆನಪಿಟ್ಟುಕೊಂಡು ಆ ಸಾಲು ತಿದ್ದು. ಹಾಗೆಯೇ ವರ್ಜೀನಿಯಾದ ವಿಲ್ ಒಂದರಲ್ಲಿ ದನ, ತಾಮ್ರದ ಹಂಡೆ, ಆಮೇಲೆ ನಾಲ್ಕು ಗುಲಾಮರ ಹೆಸರು ಇತ್ತು, ಬಿಟ್ಟುಬಿಟ್ಟೆ ಅಂದೆ. ಬಿಡಬೇಡ. ರಾಕಿಂಗ್‌ಹ್ಯಾಮ್‌ನಲ್ಲಿ ಉಳಿದ ಲಿಂಕನ್ ದಾಯಾದಿಗಳೂ ಗುಲಾಮರನ್ನು ಇಟ್ಟುಕೊಂಡವರೇ. 1850ರ ಗಣತಿಯಲ್ಲಿ ಗುಲಾಮರಿಗೆ ಸಾಮಾನ್ಯವಾಗಿ ಹೆಸರೇ ಬರೆದಿಲ್ಲ, ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಇಂಥವು ಮಾತ್ರ. ಆ ನಾಲ್ವರ ಮೊಮ್ಮಕ್ಕಳೂ ಎಲ್ಲೋ ಕೂತು ಹುಡುಕುತ್ತಿರುತ್ತಾರೆ, ಅವರಿಗೆ ಈ ವಿಲ್ ಬಿಟ್ಟರೆ ಬೇರೆ ಕಾಗದ ಇಲ್ಲದಿರಬಹುದು.

ಹೆದರಬೇಡ, ಕೆಲಸ ಅಷ್ಟೇನೂ ದೊಡ್ಡದಲ್ಲ. ನೆರೆಯವರನ್ನು ಹಿಡಿ. ಯಾರೂ ಒಬ್ಬರೇ ಹೋಗುತ್ತಿರಲಿಲ್ಲ. 1830ರಲ್ಲಿ ಲಿಂಕನ್ನರು ಇಲಿನಾಯ್‌ಗೆ ಎತ್ತಿನ ಗಾಡಿ ಕಟ್ಟಿದಾಗ ಹ್ಯಾಂಕ್ಸ್, ಹಾಲ್ ಮನೆಯವರೂ ಸೇರಿ ಹದಿಮೂರು ಜನ. ಪೆನ್ಸಿಲ್ವೇನಿಯಾದಲ್ಲಿ ಇವರ ನೆರೆಯವರು, ಕೆಂಟಕಿಗೆ ದಾರಿ ಮಾಡಿದ ಡೇನಿಯಲ್ ಬೂನ್ ಮನೆತನದವರು, ಹೆಣ್ಣು ಕೊಟ್ಟು ತಂದ ಸಂಬಂಧವೂ ಇತ್ತು. ಬೂನ್‌ಗಳು 1750ರಲ್ಲಿ ದಕ್ಷಿಣಕ್ಕೆ ಹೊರಟಾಗ ಉಳಿದುಕೊಂಡದ್ದು ಲಿನ್‌ವಿಲ್ ಕ್ರೀಕಿನಲ್ಲಿ. ಜಾನ್ ಲಿಂಕನ್ ಆಮೇಲೆ ಬಂದದ್ದೂ ಅಲ್ಲಿಗೇ. ನಿಮ್ಮ ಅತ್ತೆಯವರ ಹಿರಿಯರ ಕ್ರಯಪತ್ರದಲ್ಲಿ ಸಾಕ್ಷಿ ಹಾಕಿದವರು ಯಾರು, ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು, ಬರೆದುಕೋ. ಅದೇ ಹೆಸರುಗಳು ಮುಂದಿನ ಊರಲ್ಲೂ ಸಿಕ್ಕರೆ ನಿನ್ನವರೂ ಅಲ್ಲಿದ್ದಾರೆ.

ಅತ್ತೆಯವರ ಅಟ್ಟದಲ್ಲಿ ಹಳೇ ಬೈಬಲ್ ಇದೆ, ಹುಟ್ಟುಸಾವು ಬರೆದಿದ್ದಾರೆ ಅಂದೆಯಲ್ಲ. ಮೊದಲ ಪುಟದಲ್ಲಿ ಅದು ಅಚ್ಚಾದ ವರ್ಷ ಇರುತ್ತದೆ, ನೋಡು. ಅದಕ್ಕೂ ಹಿಂದಿನ ತಾರೀಖುಗಳು ಒಳಗಿದ್ದರೆ ಯಾರೋ ಆಮೇಲೆ ನೆನಪಿನಿಂದ ಬರೆದದ್ದು. ಲಿಂಕನ್ ಕೂಡ 1851ರಲ್ಲಿ ಅಪ್ಪ ತೀರಿಕೊಂಡ ಮೇಲೆಯೇ ಮನೆಯ ಬೈಬಲ್ಲಿನಲ್ಲಿ ಕೂತು ಹಾಗೆ ಬರೆದಿಟ್ಟ. ಎಲ್ಲ ಸಾಲೂ ಒಂದೇ ಶಾಯಿ, ಒಂದೇ ಕೈಬರಹವೋ ಅಂತಲೂ ನೋಡು.

ಆ ಪುಟಗಳ ಫೋಟೋ ಕಳಿಸು. ಫ್ಲ್ಯಾಶ್ ಹಾಕಬೇಡ, ಕಿಟಕಿ ಪಕ್ಕ ಇಟ್ಟು ನೇರವಾಗಿ ಮೇಲಿನಿಂದ ತೆಗೆ. ಹೋದ ಸಲ ಕಳಿಸಿದ್ದರಲ್ಲಿ ನಿನ್ನ ಹೆಬ್ಬೆರಳೇ ಜಾಸ್ತಿ ಕಾಣುತ್ತಿತ್ತು.

ಇಂತಿ,
ನಿನ್ನ ದೊಡ್ಡಪ್ಪ