ಸಾಲ್ವಡೋರಿನಲ್ಲಿ ಅಮ್ಮನಿಗೆ ಸಿಕ್ಕ ಬಕ್ಕೆ ಹಲಸು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಬಂದು ಮೂರು ವಾರ ಆಯಿತು. ಉತ್ತರ ಬರೆಯಲಿಲ್ಲ ಎಂದು ಬೈಯಬೇಡ ಮಾರಾಯ. ಅಮ್ಮ ಬಂದಿದ್ದಾರೆ. ಅವರಿಗೆ ಊರು ತೋರಿಸುವುದೇ ಒಂದು ಕೆಲಸವಾಗಿದೆ.

ಪುತ್ತೂರು ಬಿಟ್ಟರೆ ಧರ್ಮಸ್ಥಳ, ಹೆಚ್ಚೆಂದರೆ ಮುಂಬೈಯ ದೊಡ್ಡಮ್ಮನ ಮನೆ, ಅಷ್ಟೇ ನೋಡಿದವರು ಅಮ್ಮ. ಅವರನ್ನು ಸೀದಾ ಸಾವೊ ಪೌಲೊಗೆ ತಂದು ಹದಿನಾಲ್ಕನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಕೂರಿಸಿದೆ. ದಿನಾ ಬಾಲ್ಕನಿಯಲ್ಲಿ ನಿಂತು ಕೆಳಗೆ ನೋಡುವುದು, "ಇಲ್ಲಿ ಮಣ್ಣೇ ಇಲ್ವಲ್ಲ ಮಗಾ" ಎನ್ನುವುದು. ಮಗಳಿಗೂ ಶಾಲೆಗೆ ರಜೆ ಇತ್ತು. ಜನವರಿ ಕೊನೆಯಲ್ಲಿ ನಾಲ್ವರೂ ಸಾಲ್ವಡೋರಿಗೆ ಹೋಗಿ ಬಂದೆವು. ಬಹಿಯಾ ರಾಜ್ಯದ ರಾಜಧಾನಿ. ಪೋರ್ಚುಗೀಸರು 1549ರಲ್ಲಿ ಕಟ್ಟಿದ ಊರು. 1763ರಲ್ಲಿ ರಿಯೊಗೆ ಹೋಗುವವರೆಗೆ ಇಡೀ ಬ್ರೆಜಿಲಿಗೇ ರಾಜಧಾನಿ ಇದೇ.

ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಅಮ್ಮ ಸೆರಗಿನಲ್ಲಿ ಕತ್ತು ಒರೆಸಿಕೊಂಡು "ಓ, ಇದು ನಮ್ಮ ಸೆಕೆ" ಎಂದರು. ಎಷ್ಟು ಖುಷಿ ಅಂತೀಯ! ಆಮೇಲೆ ಮ್ಯಾಪ್ ತೆಗೆದು ನೋಡಿದೆ. ಮಂಗಳೂರು ಭೂಮಧ್ಯರೇಖೆಯಿಂದ ಮೇಲಕ್ಕೆ ಸುಮಾರು 13 ಡಿಗ್ರಿ. ಸಾಲ್ವಡೋರ್ ಕೆಳಕ್ಕೆ ಸುಮಾರು 13 ಡಿಗ್ರಿ. ಕತ್ತಿನ ಬೆವರಿಗೆ ಅಷ್ಟು ಭೂಗೋಳ ಗೊತ್ತಿತ್ತು.

ಮರುದಿನ ಸುತ್ತಾಟ. ನನ್ನ ಹೆಂಡತಿಯ ಪಟ್ಟಿ ನಿನಗೆ ಗೊತ್ತೇ ಇದೆ, ಗಂಟೆ ಗಂಟೆಗೆ ಒಂದೊಂದು ಜಾಗ. ಬೆಳಿಗ್ಗೆ ಮೊದಲು ಬೊನ್‌ಫಿಮ್ ಚರ್ಚು. ಅದರ ಕಬ್ಬಿಣದ ಬೇಲಿ ನೀನು ನೋಡಬೇಕು. ಸರಳೇ ಕಾಣುವುದಿಲ್ಲ, ಅಷ್ಟು ಬಣ್ಣದ ರಿಬ್ಬನ್ನುಗಳು. ಗಾಳಿ ಬಂದರೆ ಎಲ್ಲ ಒಟ್ಟಿಗೆ ಪಟಪಟ ಎನ್ನುತ್ತವೆ. ಕೈಗೂ ಕಟ್ಟಿಕೊಳ್ಳುತ್ತಾರೆ. ಮೂರು ಗಂಟು, ಗಂಟಿಗೊಂದು ಕೋರಿಕೆ. ಕತ್ತರಿಸುವ ಹಾಗಿಲ್ಲ, ತಾನಾಗಿ ಸವೆದು ಬೀಳಬೇಕು. ಆಗ ಕೋರಿಕೆ ನೆರವೇರುತ್ತದೆ ಎಂಬ ನಂಬಿಕೆ. ಮಾರುವವನೊಬ್ಬ ಕೇಳದೆಯೇ ಮಗಳ ಕೈಗೆ ಹಳದಿ ರಿಬ್ಬನ್ ಕಟ್ಟಿಬಿಟ್ಟ, ಆಮೇಲೆ ನನ್ನ ಕಡೆ ಕೈ ಚಾಚಿದ. ಅಮ್ಮ ಮಾತ್ರ ಹಸಿರು ರಿಬ್ಬನ್ನನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು. "ಕಟ್ಟಿಸಿಕೊಳ್ಳಿ ಅತ್ತೆ" ಎಂದಳು ಇವಳು. "ಹರಕೆ ಹೊತ್ತರೆ ಆಯ್ತಾ? ತೀರಿಸಲಿಕ್ಕೆ ಇಷ್ಟು ದೂರ ಯಾರು ಬರ್ತಾರೆ?"

ಒಳಗೆ ಒಂದು ಕೋಣೆ ಇದೆ, ಪವಾಡಗಳ ಕೋಣೆ ಎನ್ನುತ್ತಾರೆ. ತಲೆ ಎತ್ತಿದರೆ ಮೇಣದ ಕೈ, ಕಾಲು, ತಲೆಗಳು ಮೇಲಿಂದ ತೂಗುತ್ತಿವೆ. ಗೋಡೆ ತುಂಬ ಗುಣವಾದವರ ಫೋಟೊಗಳು. ಮಗಳು ಹೆದರಿ ನನ್ನ ಶರ್ಟು ಹಿಡಿದಳು. ಅಮ್ಮ ಒಂದೊಂದನ್ನೇ ನೋಡುತ್ತಾ ನಿಧಾನಕ್ಕೆ ನಡೆದರು. "ನಮ್ಮ ಸುರ್ಯದ ಹಾಗೇ. ಅಲ್ಲಿ ಮಣ್ಣಿನದ್ದು, ಇಲ್ಲಿ ಮೇಣದ್ದು." ಉಜಿರೆಯಿಂದ ಒಳಗೆ ಸುರ್ಯ ದೇವಸ್ಥಾನಕ್ಕೆ ಹೋಗಿದ್ದೆವಲ್ಲ, ಹರಕೆಯ ಮಣ್ಣಿನ ಬೊಂಬೆಗಳು ರಾಶಿ ಬಿದ್ದಿರುತ್ತವಲ್ಲ, ನೆನಪಿದೆಯಾ? ನನಗೆ ಹೊಳೆದೇ ಇರಲಿಲ್ಲ. ನಾನು ಫೋಟೊ ತೆಗೆಯುವುದರಲ್ಲಿದ್ದೆ.

ಇಲ್ಲಿಯ ದೇವರ ಮೂರ್ತಿಯನ್ನು ಪೋರ್ಚುಗಲ್ಲಿನಿಂದ 1745ರಲ್ಲಿ ಒಬ್ಬ ಹಡಗಿನ ಕಪ್ತಾನ ತಂದದ್ದು. ಆದರೆ ಆಫ್ರಿಕದಿಂದ ಹಿಡಿದು ತಂದ ಜನ ಅದರಲ್ಲಿ ತಮ್ಮ ಒಷಾಲಾ ದೇವರನ್ನು ಕಂಡರು. ಇವತ್ತಿಗೂ ಜನವರಿಯ ಒಂದು ಗುರುವಾರ ಬಿಳಿ ಉಡುಪಿನ ಹೆಂಗಸರು ಸುಮಾರು 8 ಕಿಲೋಮೀಟರ್ ನಡೆದು ಬಂದು, ಪರಿಮಳದ ನೀರಿನಿಂದ ಈ ಚರ್ಚಿನ ಮೆಟ್ಟಿಲು ತೊಳೆಯುತ್ತಾರೆ. ನಾವು ಹೋಗುವಾಗ ಹಬ್ಬ ಮುಗಿದಿತ್ತು.

ಅಲ್ಲಿಂದ ಮೆರ್ಕಾದೊ ಮೊಡೆಲೊ. ಹಳೆಯ ಸುಂಕದ ಕಟ್ಟೆ, ಈಗ ಕರಕುಶಲ ವಸ್ತುಗಳ ಮಾರುಕಟ್ಟೆ. ಅದರ ಬಗ್ಗೆ ಬರೆಯುವಂಥದ್ದು ಜಾಸ್ತಿ ಇಲ್ಲ, ಪ್ರವಾಸಿಗಳಿಗೆಂದೇ ಇಟ್ಟ ಸಾಮಾನು. ಆದರೆ ಹೊರಗೆ ಒಬ್ಬಳು ಹಣ್ಣು ಮಾರುತ್ತಿದ್ದಳು. ಮಗಳು ಬೋರ್ಡು ಓದಿದಳು, "ಕಾಜು!" ನೋಡಿದರೆ ನಮ್ಮ ಗೇರುಹಣ್ಣು ಮಾರಾಯ. ಕೆಂಪು, ಹಳದಿ, ಕೆಳಗೆ ಬೀಜ ನೇತಾಡುತ್ತಾ, ಅದೇ ಮೂಗಿಗೆ ಬಡಿಯುವ ವಾಸನೆ. ಅದರ ಹುಟ್ಟೂರೇ ಬ್ರೆಜಿಲ್ ಅಲ್ವಾ. ಇಲ್ಲಿನ ತುಪಿ ಜನರ 'ಅಕಜು' ಪೋರ್ಚುಗೀಸರ ಬಾಯಲ್ಲಿ 'ಕಾಜು' ಆಗಿ, ಅವರ ಹಡಗಿನಲ್ಲೇ ನಮ್ಮ ಕರಾವಳಿಗೆ ಬಂತು. ಇಲ್ಲಿ ಹಣ್ಣಿಗೇ ಮರ್ಯಾದೆ. ಹೋಟೆಲಿನ ತಿಂಡಿಯ ಜೊತೆಗೂ ಅದರ ಜ್ಯೂಸು. ನಾವು ಬೀಜ ತಿರುಚಿಕೊಂಡು ಹಣ್ಣು ಎಸೆಯುವವರು. "ನಮ್ಮ ಗುಡ್ಡೆಯಲ್ಲಿ ಇದನ್ನು ದನವೂ ಮೂಸುವುದಿಲ್ಲ" ಎನ್ನುತ್ತಲೇ ಅಮ್ಮ ಎರಡು ಲೋಟ ಕುಡಿದರು. ಗೇರು ಸಂಶೋಧನಾ ಕೇಂದ್ರ ಇರುವ ಊರಿನವರು ನಾವು, ನಮಗೇ ಹೀಗೆ.

ಈ ಊರಿಗೆ ಎರಡು ಅಂತಸ್ತು. ಕೆಳಗೆ ಬಂದರು, ಮೇಲೆ ಗುಡ್ಡದ ತಲೆಯಲ್ಲಿ ಹಳೇ ಪೇಟೆ. ನಡುವೆ ಲಸೆರ್ದಾ ಎಂಬ ಲಿಫ್ಟು. 72 ಮೀಟರ್ ಎತ್ತರ, 1873ರಿಂದ ಜನರನ್ನು ಹತ್ತಿಸಿ ಇಳಿಸುತ್ತಿದೆ. ಅಲ್ಲಿಯವರಿಗೆ ಅದು ನಮ್ಮ ಸಿಟಿ ಬಸ್ಸಿನ ಹಾಗೆ. ಅರ್ಧ ನಿಮಿಷದ ದಾರಿ. ಅಮ್ಮ ಅಷ್ಟೂ ಹೊತ್ತು ಕಣ್ಣು ಮುಚ್ಚಿದ್ದರು. ಮಗಳು ಇನ್ನೊಮ್ಮೆ ಎಂದು ಹಟ ಹಿಡಿದಳು.

ಮೇಲೆ ಹೋದ ಮೇಲೆ ಹಸಿವು. ಬಿಳಿ ಲೇಸಿನ ಲಂಗ, ತಲೆಗೆ ಬಿಳಿ ಬಟ್ಟೆ, ಕೊರಳ ತುಂಬ ಮಣಿಸರದ ಹೆಂಗಸೊಬ್ಬಳು ಬಾಣಲೆ ಇಟ್ಟುಕೊಂಡು ಕೂತಿದ್ದಳು. ಅಕರಾಜೆ ಎಂಬ ತಿಂಡಿ. ಪಾತ್ರೆಯಲ್ಲಿ ಬಿಳಿ ಹಿಟ್ಟು, ಅದನ್ನು ಮರದ ಸೌಟಿನಿಂದ ಬಡಿಯುತ್ತಲೇ ಇದ್ದಳು. ಹಿಟ್ಟು ಉಬ್ಬಿ ಬಂದಾಗ ಸೌಟಿನಲ್ಲೇ ಉಂಡೆ ಮಾಡಿ ಎಣ್ಣೆಗೆ ಬಿಟ್ಟಳು. ಎಣ್ಣೆ ಕಿತ್ತಳೆ ಬಣ್ಣದ್ದು, ತಾಳೆಯದ್ದು. ಅಮ್ಮ ಬಗ್ಗಿ ನೋಡಿ, ಬೆರಳಿಗೆ ತಾಗಿದಷ್ಟು ಹಿಟ್ಟು ಉಜ್ಜಿ ನೋಡಿ, ತುಳುವಿನಲ್ಲೇ ಕೇಳಿದರು, ಇದು ಅಲಸಂದೆ ಅಲ್ವಾ ಎಂದು. ಅವಳು ಪೋರ್ಚುಗೀಸಿನಲ್ಲಿ ಏನೋ ಉದ್ದಕ್ಕೆ ಹೇಳಿದಳು. ಇಬ್ಬರೂ ತಲೆ ಆಡಿಸಿದರು. ಅಲಸಂದೆಯೇ! ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ ಹಾಕಿ ರುಬ್ಬಿದ ಅಲಸಂದೆ ವಡೆ. ಪಶ್ಚಿಮ ಆಫ್ರಿಕದ ಯೊರುಬಾ ಜನರ ಜೊತೆ ಬಂದ ತಿಂಡಿ. ವಡೆಯನ್ನು ಸೀಳಿ ಒಳಗೆ ತೆಂಗಿನ ಹಾಲಿನ ಗೊಜ್ಜು, ಬೆಂಡೆಕಾಯಿ, ಟೊಮೆಟೊ, ಮೇಲೆ ಒಣ ಸಿಗಡಿ. ಒಣ ಸಿಗಡಿ ನೋಡಿ ಅಮ್ಮನ ಮುಖ ನೋಡಬೇಕಿತ್ತು.

ಎಡವಟ್ಟಾದದ್ದು ನನ್ನಿಂದ. "ಕೆಂಚಿ?" ಎಂದು ಕೇಳಿದಳು. ಹಾಗೆಂದರೆ ಬಿಸಿ. ಹೌದೌದು, ಬಿಸಿಬಿಸಿಯೇ ಇರಲಿ ಎಂದೆ, ಮಗಳದ್ದಕ್ಕೂ. ಬಹಿಯಾದಲ್ಲಿ ವಡೆಯ ಗಾಡಿಯ ಹತ್ತಿರ ಬಿಸಿ ಎಂದರೆ ಖಾರ! ಒಂದು ಕಚ್ಚು ಕಚ್ಚಿ ಮಗಳು ಕೂಗಿದ ಕೂಗಿಗೆ ಚೌಕದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆಂಡತಿ ನನ್ನನ್ನು ನೋಡಿದ ನೋಟದ ಬಗ್ಗೆ ಬರೆಯುವುದಿಲ್ಲ. ಮಗಳ ಪಾಲನ್ನೂ ಅಮ್ಮನೇ ತಿಂದರು.

ಪೆಲೋರಿನ್ಯೊ ಎಂಬ ಇಳಿಜಾರು ಚೌಕಕ್ಕೆ ಬಂದೆವು. ಗುಲಾಬಿ, ಹಳದಿ, ನೀಲಿ ಮನೆಗಳು, ಉರುಟು ಕಲ್ಲಿನ ರಸ್ತೆ. 1985ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದೆ. ಎಲ್ಲರೂ ಫೋಟೊ ತೆಗೆಯುವ ಜಾಗ, ನಾವೂ ತೆಗೆದೆವು. ಆ ಹೆಸರಿನ ಅರ್ಥವೇನು ಎಂದು ಅಮ್ಮ ಕೇಳಿದರು. ಗುಲಾಮರನ್ನು ಕಟ್ಟಿ ಚಾಟಿಯಲ್ಲಿ ಹೊಡೆಯುತ್ತಿದ್ದ ಕಂಬ ಎಂದೆ. "ಕಂಬ ಎಲ್ಲಿ?" ಈಗ ಇಲ್ಲ, ಹೆಸರು ಮಾತ್ರ ಉಳಿದಿದೆ. ಬ್ರೆಜಿಲ್ ಗುಲಾಮಗಿರಿ ನಿಲ್ಲಿಸಿದ್ದು 1888ರಲ್ಲಿ ಎಂದೂ ಹೇಳಿದೆ.

ಚೌಕದ ಪಕ್ಕದಲ್ಲಿ ಒಂದು ನೀಲಿ ಚರ್ಚು ಇದೆ. ಕಪ್ಪು ಜನ ತಮಗಾಗಿ ತಾವೇ ಕಟ್ಟಿಕೊಂಡದ್ದು. ಶುರು ಮಾಡಿದ್ದು 1704ರಲ್ಲಿ. ಹಗಲೆಲ್ಲ ಒಡೆಯರ ಕೆಲಸ, ಬಿಡುವು ಸಿಕ್ಕಾಗ, ರಾತ್ರಿ ಹೊತ್ತು ಇದರ ಕೆಲಸ. ಮುಗಿಯಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು. ಅಮ್ಮ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಎದ್ದು ಬರಲು ತುಂಬ ಹೊತ್ತು ಮಾಡಿದರು. ಪಟ್ಟಿಯ ಪ್ರಕಾರ ನಮಗೆ ಆಗಲೇ ತಡವಾಗಿತ್ತು, ಆದರೂ ಯಾರೂ ಕರೆಯಲಿಲ್ಲ. ಹೊರಗೆ ಬಂದು, "ಅಜ್ಜನೂ ಹಾಗೇ. ದಣಿಗಳ ಗದ್ದೆ ಮುಗಿಸಿ ಬಂದು ದೀಪ ಹಿಡಿದು ನಮ್ಮ ಮನೆಯ ಗೋಡೆ ಇಟ್ಟದ್ದು" ಎಂದರು. ಅಜ್ಜ ಗೇಣಿ ಒಕ್ಕಲು, 1974ರ ಕಾನೂನು ಬಂದ ಮೇಲೆ ಭೂಮಿ ಅವರದ್ದಾಯಿತು. ಅಷ್ಟು ಗೊತ್ತಿತ್ತು. ಗೋಡೆಯ ಸಂಗತಿ ನಾನು ಕೇಳಿದ್ದು ಅವತ್ತೇ ಮೊದಲು. ಗೇಣಿಗೂ ಗುಲಾಮಗಿರಿಗೂ ಹೋಲಿಕೆ ಇಲ್ಲ, ಅಮ್ಮನೂ ಹೋಲಿಸಲಿಲ್ಲ. ಗೋಡೆ ನೋಡಿ ಗೋಡೆ ನೆನಪಾಯಿತು, ಅಷ್ಟೇ.

ಕಾರು ಹಿಡಿಯಲು ಹೋಗುವಾಗ ತಳ್ಳುಗಾಡಿಯಲ್ಲಿ ಹಲಸಿನ ಹಣ್ಣು! ಇದು ಉಲ್ಟಾ ಪ್ರಯಾಣ, ನಮ್ಮ ಕಡೆಯಿಂದ ಪೋರ್ಚುಗೀಸರು ಇಲ್ಲಿಗೆ ತಂದದ್ದು. ಹೆಸರೂ ಮಲಯಾಳದ 'ಚಕ್ಕ', ಇಲ್ಲಿ 'ಜಾಕಾ'. ಮಾರುವವ 'ದೂರಾ' ಬೇಕೋ 'ಮೋಲಿ' ಬೇಕೋ ಎಂದ. ಗಟ್ಟಿಯದ್ದೋ ಮೆತ್ತಗಿನದ್ದೋ ಎಂದು ಅರ್ಥ ಹೇಳಿದೆ. ಅಮ್ಮ ನನ್ನನ್ನು ದಡ್ಡನ ಹಾಗೆ ನೋಡಿ, "ಬಕ್ಕೆಯೋ ತುಳುವವೋ ಅಂತ ಕೇಳ್ತಿದ್ದಾನೆ. ಬಕ್ಕೆ ಹೇಳು" ಎಂದರು. ಅಮ್ಮನಿಗೆ ಅದರ ಬಣ್ಣ, ಸಿಹಿ ಎರಡೂ ಒಪ್ಪಿಗೆಯಾಯಿತು. ಬೇಳೆಗಳನ್ನು ಒಂದೂ ಬಿಡದೆ ಕರ್ಚೀಫಿನಲ್ಲಿ ಕಟ್ಟಿಕೊಂಡರು.

ಸಂಜೆ ಬಾರಾದ ದೀಪಸ್ತಂಭ. ಬ್ರೆಜಿಲಿನ ಕಡಲು ಪೂರ್ವಕ್ಕಿರುವುದು, ಹೆಚ್ಚಿನ ಕಡೆ ಸೂರ್ಯ ಸಮುದ್ರದಲ್ಲಿ ಹುಟ್ಟುತ್ತಾನೆಯೇ ಹೊರತು ಮುಳುಗುವುದಿಲ್ಲ. ಇಲ್ಲಿ ನೆಲ ಕೊಲ್ಲಿಯ ಬಾಯಿಗೆ ಚಾಚಿಕೊಂಡಿದೆ, ಹಾಗಾಗಿ ನೀರಿಗೆ ಇಳಿಯುವ ಸೂರ್ಯ ಕಾಣುತ್ತದೆ. ಹುಲ್ಲಿನ ಮೇಲೆ ನೂರಾರು ಜನ. ಆರು ಗಂಟೆಗೆ ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಚಪ್ಪಾಳೆ ಹೊಡೆದರು. "ಎಂತಕ್ಕೆ?" ಎಂದರು ಪಣಂಬೂರು ಕಡಲು ನೋಡಿದ ಅಮ್ಮ. ಆಮೇಲೆ ಸುಮ್ನೆ ತಾವೂ ಎರಡು ಸಲ ತಟ್ಟಿದರು.

ಬೇಳೆಯಲ್ಲಿ ಅರ್ಧ ಸಾರಿಗೆ ಹೋಯಿತು. ನಾಲ್ಕನ್ನು ಅಮ್ಮ ಬಾಲ್ಕನಿಯ ಕುಂಡದಲ್ಲಿ ಊರಿದ್ದರು. ಮೊನ್ನೆ ಒಂದು ಮೊಳಕೆ ಬಂದಿದೆ, ಪಕ್ಕದ ಕೋಲಿಗೆ ಆ ಹಸಿರು ರಿಬ್ಬನ್. ಹದಿನಾಲ್ಕನೇ ಮಾಳಿಗೆಯಲ್ಲಿ ಹಲಸಿನ ಮರ ಇಟ್ಟುಕೊಂಡು ಏನು ಮಾಡುವುದು ಎಂದು ಕೇಳಿದೆ.

"ನೀನು ಹೇಗೂ ಇಲ್ಲೇ ಇರುವವ ಅಲ್ವಾ" ಎಂದರು, ನೀರು ಹಾಕುತ್ತಾ.

ಅಮ್ಮ ಮುಂದಿನ ತಿಂಗಳು ಹೊರಡುತ್ತಾರೆ. ಮಂಗಳೂರಿನಲ್ಲಿ ಇಳಿಯುವಾಗ ಕರೆದುಕೊಂಡು ಬರಲು ನೀನೇ ಹೋಗಬೇಕು. ತಾರೀಕು ತಿಳಿಸುತ್ತೇನೆ.

ನಿನ್ನ ಗೆಳೆಯ