ಆ ಪುಸ್ತಕ ಯಾರಿಗೆ?

ಪ್ರೀತಿಯ ಹುಡುಗಿ,

ನಿನ್ನ ಕತೆಗಳ ಕಟ್ಟು ಬಂತು. ಜೊತೆಗಿದ್ದ ಉದ್ದನೆಯ ಕಾಗದವೂ ಬಂತು. ನಿಜ ಹೇಳಬೇಕೆಂದರೆ ಕತೆಗಳಿಗಿಂತ ಆ ಕಾಗದವನ್ನೇ ಜಾಸ್ತಿ ಓದಿದೆ. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನ. ಬೇಜಾರಾದರೆ ಹೇಳು.

ಪ್ರಕಾಶಕರನ್ನು ಹೇಗೆ ಹುಡುಕುವುದು, ಮುನ್ನುಡಿ ಯಾರ ಹತ್ತಿರ ಬರೆಸುವುದು, ಎಷ್ಟು ಪ್ರತಿ ಅಚ್ಚು ಹಾಕಿಸುವುದು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ, ಅವರನ್ನು ಕೇಳು. ನನ್ನನ್ನು ಚುಚ್ಚಿದ್ದು ಬೇರೆ ಮಾತು. ಕೊನೆಗೆ ಬರೆದಿದ್ದೀಯಲ್ಲ, 'ಪ್ರತಿ ತಿಂಗಳೂ ಓದಿದ ಪುಸ್ತಕಗಳ ಪಟ್ಟಿ ಮಾಡಿ ಎಲ್ಲರಿಗೂ ಕಳಿಸುತ್ತೇನೆ. ಎಲ್ಲರ ಪುಸ್ತಕವನ್ನೂ ಮೆಚ್ಚಿ ಬರೆದಿದ್ದೇನೆ. ನನ್ನ ಕತೆ ಪತ್ರಿಕೆಯಲ್ಲಿ ಬಂದಾಗ ಒಬ್ಬರೂ ತುಟಿ ಬಿಚ್ಚಲಿಲ್ಲ' ಅಂತ.

ಇದು ಮದುವೆ ಮನೆಯ ಮುಯ್ಯಿ ಲೆಕ್ಕ ಆಯಿತಲ್ವಾ? ಅವರು ಐನೂರು ಹಾಕಿದರು, ನಾವೂ ಐನೂರು ಹಾಕಬೇಕು, ಹೆಸರು ಬರೆದಿಟ್ಟುಕೋ. ಹಾಕಿದವರು ವಾಪಸ್ ಹಾಕಲಿಲ್ಲ ಅಂತ ಅಳುತ್ತಿದ್ದೀಯ. ಅತ್ತುಬಿಡು, ತಪ್ಪೇನಿಲ್ಲ. ಆದರೆ ಅದನ್ನು ಓದು ಅಂತ ಕರೆಯಬೇಡ.

ಆ ಪಟ್ಟಿಗಳನ್ನೂ ಕಟ್ಟಿನಲ್ಲಿ ಇಟ್ಟಿದ್ದೀಯ. ನೋಡಿದೆ. ಎಲ್ಲ ಪುಸ್ತಕದ ಮುಂದೆಯೂ 'ಓದಲೇಬೇಕಾದ ಕೃತಿ'. ಒಂದೆರಡು ಕಡೆ 'ಮನ ಮುಟ್ಟುವ ನಿರೂಪಣೆ'. ಸರಿ, ಓದೋಣ. ಯಾರು ಓದಬೇಕು? ನಿನ್ನ ರೂಮಿನ ಗೆಳತಿಯೋ, ಊರಿನ ಮೇಷ್ಟ್ರೋ, ನಿಮ್ಮ ಸೋದರತ್ತೆಯೋ? ಯಾವ ಪುಸ್ತಕವೂ ಎಲ್ಲರಿಗೂ ಆಗಿಬರುವುದಿಲ್ಲ. ಪುಸ್ತಕ ಹೇಳುವುದಾದರೆ ಒಬ್ಬರಿಗೆ ಹೇಳು. ಇದೊಂದೇ ನನ್ನ ಹಟ. ನನ್ನನ್ನು ಬಲ್ಲವರು ಇದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ, ಈಗ ನಿನ್ನ ಸರದಿ.

ನಿನ್ನ ತಮ್ಮನ ವಿಷಯವನ್ನೇ ತಗೋ. ಐಟಿಐ ಮುಗಿಸಿ ಮನೆಯಲ್ಲಿದ್ದಾನೆ, ಅವನಿಗೆ 'ಮಲೆಗಳಲ್ಲಿ ಮದುಮಗಳು' ಕೊಟ್ಟೆ, ಇಪ್ಪತ್ತು ಪುಟಕ್ಕೇ ಬಿಟ್ಟ, ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ಅಂತ ಬರೆದಿದ್ದೀಯ. ಪಾಪ, ಅವನದೇನು ತಪ್ಪು? ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಶುರುವಿನಲ್ಲೇ ಹೇಳಿಬಿಟ್ಟಿದ್ದಾರೆ. ಕಾದಂಬರಿಯನ್ನೇ ಓದಿರದ ಹುಡುಗ ಅಷ್ಟು ದಪ್ಪ ಪುಸ್ತಕದೊಳಗೆ ಹೋಗಿ ಯಾರ ಕೈ ಹಿಡಿದು ನಡೆಯಬೇಕು? 1967ರಿಂದಲೂ ಜನ ಆ ಕಾದಂಬರಿಯನ್ನು ಮೆಚ್ಚುತ್ತಿದ್ದಾರೆ, ನಾನೂ ಮೆಚ್ಚುತ್ತೇನೆ. ಆದರೆ ಅವನಿಗೆ ತೇಜಸ್ವಿಯವರ 'ಜುಗಾರಿ ಕ್ರಾಸ್' ಕೊಡು. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ, ಹಿಂದೆ ಬೀಳುವ ಕೇಡಿಗರು, ಘಟ್ಟದ ಕಾಡು. ರಾತ್ರಿ ಊಟಕ್ಕೆ ಕರೆದರೂ ಎದ್ದು ಬರುವುದಿಲ್ಲ, ನೋಡುತ್ತಿರು. ಅಪ್ಪನ ಪುಸ್ತಕಕ್ಕೆ ಮಗನ ಪುಸ್ತಕದ ಮೂಲಕ ಹೋಗುವುದು ಕೆಟ್ಟ ದಾರಿಯೇನಲ್ಲ.

ಪುಸ್ತಕ ಹೇಳುವುದು ಅಂದರೆ ಏನು ಅಂತ ನನಗೆ ಕಲಿಸಿದ್ದು ಯಾವ ವಿಮರ್ಶಕರೂ ಅಲ್ಲ, ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯವರು. ನಮ್ಮ ಚಿಕ್ಕಮ್ಮ ಹೆರಿಗೆಯಾದ ಮೇಲೆ ಯಾರ ಜೊತೆಗೂ ಮಾತಾಡದೆ ಗೋಡೆ ನೋಡುತ್ತ ಕೂರುತ್ತಿದ್ದಳು. ಗಾಳಿ ಸೋಕಿದೆ ಅಂತ ಒಬ್ಬರು, ನಾಟಕ ಅಂತ ಇನ್ನೊಬ್ಬರು. ಆ ಹೆಂಗಸು ಒಂದು ಮಧ್ಯಾಹ್ನ ತ್ರಿವೇಣಿಯವರ 'ಶರಪಂಜರ' ತಂದು ಅವ್ವನ ಕೈಗೆ ಕೊಟ್ಟು, 'ಇದನ್ನ ಓದ್ರಿ, ನಿಮ್ಮ ತಂಗೀದ ಐತಿ ಇದರಾಗ' ಅಂದರು. ಅಷ್ಟೇ. ಹೆರಿಗೆಯ ನಂತರ ಮನಸ್ಸು ಕೆಟ್ಟು, ವಾಸಿಯಾಗಿ ಮನೆಗೆ ಬಂದರೂ ಎಲ್ಲರ ಕಣ್ಣಲ್ಲಿ ಹುಚ್ಚಿಯಾಗಿಯೇ ಉಳಿದ ಕಾವೇರಿಯ ಕತೆ ಅದು. ಅವ್ವ ಓದಿದಳು. ಚಿಕ್ಕಮ್ಮನ ಎದುರು ಯಾರೂ 'ಹುಚ್ಚು' ಅನ್ನಕೂಡದು ಅಂತ ಮನೆಯಲ್ಲಿ ಕಟ್ಟಪ್ಪಣೆಯಾಯಿತು. ಅದೇ ಕಾಲದಲ್ಲಿ ದೊಡ್ಡ ದೊಡ್ಡವರು ಹೆಂಗಸರು ಬರೆದದ್ದನ್ನು 'ಅಡುಗೆಮನೆ ಸಾಹಿತ್ಯ' ಅಂತ ನಗುತ್ತಿದ್ದರು. ತ್ರಿವೇಣಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ಹೋಗಿಬಿಟ್ಟರು. ಆ ನಗುವನ್ನು ನಾನು ಇನ್ನೂ ಕ್ಷಮಿಸಿಲ್ಲ.

ಪಕ್ಕದ ಮನೆಯವರು 'ಎಲ್ಲರೂ ಓದಲೇಬೇಕು' ಅಂದಿದ್ದರೆ ಅವ್ವ ಆ ಪುಸ್ತಕವನ್ನು ಕಪಾಟಿನ ಮೇಲಿಟ್ಟು ಮರೆಯುತ್ತಿದ್ದಳು.

ಇನ್ನೊಂದು ಮಾತು. ನಿನ್ನ ಹೊಗಳಿಕೆಗೆ ನಿನಗೆ ಒಂದು ಪೈಸೆಯೂ ಖರ್ಚಿಲ್ಲ. ಹಳೆಯ ಕಾದಂಬರಿಕಾರ ಗಳಗನಾಥರು ತಾವು ಬರೆದ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. 1933ರಲ್ಲಿ ನಮ್ಮೂರಲ್ಲಿ ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನ ಶುರುವಾದ ಮೇಲೆ ಅದನ್ನು ಕಟ್ಟಿದ ಜಿ.ಬಿ. ಜೋಶಿಯವರು ಚಂದಾದಾರರನ್ನು ಹುಡುಕಿಕೊಂಡು ಮನೆಮನೆ ಹತ್ತಿಳಿದರು. ಚಂದಾ ಕಟ್ಟಿದವರು ಮುಂದೆ ಯಾವ ಪುಸ್ತಕ ಬರುತ್ತದೆ ಅಂತ ಕೇಳುತ್ತಿರಲಿಲ್ಲ. ಗ್ರಂಥಮಾಲೆಯ ಅಟ್ಟದ ಮೇಲೆ ಕೂತವರು ಆರಿಸಿದ್ದಾರೆ ಅಂದರೆ ಸಾಕಿತ್ತು. ಗಿರೀಶ ಕಾರ್ನಾಡ ಅನ್ನುವ ಹುಡುಗನ ಮೊದಲ ನಾಟಕ 'ಯಯಾತಿ' 1961ರಲ್ಲಿ ಬಂದದ್ದೂ ಅಲ್ಲಿಂದಲೇ. ಕೆಟ್ಟ ಪುಸ್ತಕ ಕೊಟ್ಟರೆ ಮುಂದಿನ ವರ್ಷ ಚಂದಾ ಬರುವುದಿಲ್ಲ ಅನ್ನುವ ಭಯ ಅವರಿಗಿತ್ತು. ನಿನಗೆ ಯಾವ ಭಯವಿದೆ? ಒಂದು ಪುಸ್ತಕ ಸುಮಾರಾಗಿದೆ ಅಂತ ಬರೆದರೆ ಅದರ ಲೇಖಕರು ಮುನಿಸಿಕೊಳ್ಳುತ್ತಾರೆ ಅನ್ನುವ ಭಯ ಮಾತ್ರ.

2025ರ ಮೇ ತಿಂಗಳ ನಿನ್ನ ಪಟ್ಟಿ ನೋಡಿ ನನಗೆ ಸಿಟ್ಟೇ ಬಂತು. ಬಾನು ಮುಷ್ತಾಕ್ ಅವರ ಪುಸ್ತಕದ ಮುಂದೆ 'ಬೂಕರ್ ಬಂದ ಕೃತಿ, ಹೆಮ್ಮೆಯ ಕ್ಷಣ' ಅಂತ ಬಿಟ್ಟರೆ ಬೇರೇನೂ ಇಲ್ಲ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದದ್ದು ಹನ್ನೆರಡು ಕತೆ. ಅದರಲ್ಲಿ ನಿನ್ನ ನಿದ್ದೆ ಕೆಡಿಸಿದ್ದು ಯಾವುದು? ಯಾವುದು ಸಪ್ಪೆ ಅನ್ನಿಸಿತು? ಬಾನು ಅವರು ಹಾಸನದಲ್ಲಿ ಕೂತು ಬರೆಯಲು ಹಿಡಿದು ದಶಕಗಳೇ ಆದವು. ಅವರ ಮೊದಲ ಸಂಕಲನ ಬಂದದ್ದು 1990ರಲ್ಲಿ. 'ಕರಿ ನಾಗರಗಳು' ಕತೆಯನ್ನು ಕಾಸರವಳ್ಳಿಯವರು 'ಹಸೀನಾ' ಅಂತ ಸಿನಿಮಾ ಮಾಡಿ ಎಷ್ಟು ಕಾಲವಾಯಿತು. ಪ್ರಶಸ್ತಿಯ ಸುದ್ದಿ ಪೇಪರಿನಲ್ಲೇ ಬರುತ್ತದೆ, ಅದಕ್ಕೆ ನೀನು ಬೇಕಾಗಿಲ್ಲ.

ಸಿಟ್ಟಿಗೆ ಒಂದು ಹಳೆಯ ಗಾಯವೂ ಕಾರಣ ಇರಬಹುದು. ನನ್ನ ಎರಡನೇ ಕಾದಂಬರಿ ಬಂದಾಗ ಒಬ್ಬ ದೊಡ್ಡ ವಿಮರ್ಶಕರು ಅರ್ಧ ಪುಟ ಹೊಗಳಿ ಬರೆದರು. ಓದುತ್ತ ಹೋದರೆ ಬೆನ್ನುಡಿಯ ಸಾಲುಗಳೇ ಹಿಂದೆ ಮುಂದೆ ಆಗಿ ಕೂತಿವೆ. ಮೂರನೇ ಅಧ್ಯಾಯದಲ್ಲಿ ಸತ್ತ ಅಜ್ಜನನ್ನು ಕೊನೆಯವರೆಗೂ ಬದುಕಿಸಿ 'ಮರೆಯಲಾಗದ ಪಾತ್ರ' ಅಂದಿದ್ದರು! ಊರೆಲ್ಲ ಫೋನು ಮಾಡಿ ಅಭಿನಂದಿಸಿತು. ಅದೇ ವಾರ ಗದಗದಿಂದ ಗುರುತಿಲ್ಲದ ಒಬ್ಬರ ಇನ್ಲೆಂಡ್ ಲೆಟರ್ ಬಂತು. ಎಲ್ಲಿ ಬೇಸರವಾಯಿತು, ಎಲ್ಲಿ ಸುಳ್ಳು ಅನ್ನಿಸಿತು, ಪುಟದ ನಂಬರು ಸಮೇತ. ಆಮೇಲೆ ನಾನು ಬರೆದದ್ದೆಲ್ಲ ಆ ಮನುಷ್ಯನಿಗಾಗಿ. ಅರ್ಧ ಪುಟ ಬರೆದವರನ್ನು ಸಭೆಗಳಲ್ಲಿ ಕಂಡರೆ ಈಗಲೂ ದೂರದ ಕುರ್ಚಿ ಹುಡುಕುತ್ತೇನೆ. ಸಣ್ಣತನ ಅನ್ನು, ಪರವಾಗಿಲ್ಲ.

ನಿನ್ನ ಕತೆಗಳಿಗೂ ಪಟ್ಟಿಯ ಕಾಯಿಲೆಯೇ ತಗುಲಿದೆ. ಅಜ್ಜಿ, ಮಳೆ, ಹಳ್ಳಿಯ ಹಾಳು ಗುಡಿ, ಎಲ್ಲರಿಗೂ ಇಷ್ಟವಾಗುವ ಸಾಮಾನು. ಚೆನ್ನಾಗಿ ಬರೆದಿದ್ದೀಯ, ಯಾರನ್ನೂ ತಟ್ಟುವುದಿಲ್ಲ. ಒಂದೇ ಒಂದು ಕತೆ ಬೇರೆ ಥರ ಇದೆ. ಆಫೀಸಿನಲ್ಲಿ ಎಚ್‌ಆರ್‌ನವರು ಒಬ್ಬಳನ್ನು ಕರೆದು, ಯಾಕೆ ಅಂತ ಹೇಳದೆ ಲ್ಯಾಪ್‌ಟಾಪ್ ವಾಪಸ್ ಕೇಳುವ ಕತೆ. ಅವಳು ಚಾರ್ಜರ್ ಮನೆಯಲ್ಲಿ ಮರೆತಿದ್ದಕ್ಕೆ ಸಾರಿ ಕೇಳುತ್ತಾಳಲ್ಲ, ಅಲ್ಲಿ ನಾನು ಹಾಳೆಗಳನ್ನು ಮಡಚಿಟ್ಟು ಚಹಾ ಮಾಡಲು ಎದ್ದೆ. ಕೂರಲು ಆಗಲಿಲ್ಲ. ಅದನ್ನು ಯಾರಿಗೋ ಹೇಳುತ್ತಿದ್ದೀಯ ಅಂತ ಗೊತ್ತಾಗುತ್ತದೆ. ಯಾರಿಗೆ ಅಂತ ಕೇಳುವುದಿಲ್ಲ.

ಆ ಕತೆ ಬರೆದವಳಿಗೆ ಒಂದು ಪುಸ್ತಕ ಹೇಳುತ್ತೇನೆ. ಯಶವಂತ ಚಿತ್ತಾಲರ 'ಶಿಕಾರಿ', 1979ರದು. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಕೆಲಸದಲ್ಲಿರುವ ನಾಗಪ್ಪನನ್ನು ಇದ್ದಕ್ಕಿದ್ದಂತೆ ರಜೆಯ ಮೇಲೆ ಕಳಿಸಿ, ವಿಚಾರಣೆ ಅನ್ನುತ್ತಾರೆ. ತನ್ನ ಮೇಲಿರುವ ಆರೋಪ ಏನು ಅನ್ನುವುದೇ ಅವನಿಗೆ ಗೊತ್ತಿಲ್ಲ. ಚಿತ್ತಾಲರು ಸ್ವತಃ ಮುಂಬಯಿಯ ಕಾರ್ಖಾನೆ ಲೋಕದಲ್ಲಿ ದುಡಿದವರು, ಆ ಮೀಟಿಂಗುಗಳ ವಾಸನೆ ಅವರಿಗೆ ಗೊತ್ತಿತ್ತು. ಮೊದಲೇ ಹೇಳಿಬಿಡುತ್ತೇನೆ, ನಡುವೆ ನಿನಗೆ ರೇಗುತ್ತದೆ. ನಾಗಪ್ಪ ಯೋಚಿಸಿದ್ದನ್ನೇ ಯೋಚಿಸುತ್ತಾನೆ. ಅಲ್ಲಿ ಬಿಟ್ಟರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ, ಯಾವ ಪುಟದಲ್ಲಿ ಬಿಟ್ಟೆ ಅಂತ ಮಾತ್ರ ಬರೆ.

ಕತೆಗಳ ಕಟ್ಟಿನ ಜೊತೆ ನನ್ನ ಪ್ರತಿಯನ್ನೇ ಕಳಿಸುತ್ತಿದ್ದೇನೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ ಬೈಗುಳಗಳಿವೆ, ಓದಬೇಡ. ಯುಗಾದಿಯೊಳಗೆ ವಾಪಸ್ ಬರಬೇಕು. ತಗೊಂಡವರು ತಿರುಗಿ ಕೊಡದ ಪುಸ್ತಕಗಳ ಪಟ್ಟಿ ನನ್ನ ಹತ್ತಿರವೂ ಒಂದಿದೆ, ಹೆಸರುಗಳ ಸಮೇತ.

ನಿನ್ನ,
ಅಕ್ಕ